ಒಂದು ಮನೆ ಜಾಗದಲ್ಲಿ ಆರು ಮನೆ: ಬಳ್ಳಾರಿಯ ಹಳೆ ಪೇಟೆಗಳಿಗೆ ಸರಿಯೇ?

ಪರ

ನಮ್ಮ ಹಳೆ ಪೇಟೆ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವವರಿಗೆ ಊರಾಚೆ ಲೇಔಟ್‌ನಲ್ಲಿ ಅಗ್ಗದ ಮನೆ ಕೊಟ್ಟರೆ ಏನು ಬಂತು? ಕೆಲಸ ಇರೋದು ಪೇಟೆಯಲ್ಲಿ. ಬಾಡಿಗೆಯಲ್ಲಿ ಉಳಿದದ್ದು ಆಟೋಗೆ ಹೋಗುತ್ತದೆ. ಪೇಟೆಯೊಳಗೆ ಹಳೆ ಮನೆ ಬಿದ್ದ ಜಾಗಗಳಲ್ಲೇ ಕಟ್ಟಬೇಕು.

ಲೆಕ್ಕ ಹಾಕಿ ನೋಡಿ. 30×40 ನಿವೇಶನ ಅಂದರೆ 1200 ಚದರಡಿ. ಸುತ್ತ ಜಾಗ ಬಿಟ್ಟು 800ರಲ್ಲಿ ಕಟ್ಟಿದರೂ, ಮೆಟ್ಟಿಲು, ಗೋಡೆ ಕಳೆದು ಪ್ರತಿ ಅಂತಸ್ತಿಗೆ 300 ಚದರಡಿಯ ಎರಡು ಮನೆ ಸಿಗುತ್ತವೆ. 2015ರಲ್ಲಿ ಶುರುವಾದ ನಗರದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಡವರ ಮನೆಗೆ ಆಗ ಇಟ್ಟಿದ್ದ ಅಳತೆಯೂ 30 ಚದರ ಮೀಟರ್‌ವರೆಗೆ, ಅಂದರೆ ಸುಮಾರು 323 ಚದರಡಿ. ಮೂರೇ ಅಂತಸ್ತಾದರೆ ಲಿಫ್ಟ್ ಬೇಡ, ಅದರ ಕರೆಂಟ್ ಬಿಲ್ಲೂ ರಿಪೇರಿಯೂ ಇಲ್ಲ. ಆರು ಮನೆಗೆ ಒಂದೇ ಮೆಟ್ಟಿಲು, ಒಂದೇ ಸಂಪು. ಕೆಳಗಿನ ಮನೆಗಳು ವಯಸ್ಸಾದವರಿಗಿರಲಿ. ಬೀದಿ ಕಡೆ ಕೂರಲು ಒಂದು ಕಟ್ಟೆ ಬಿಡಿ, ಅದಿಲ್ಲದ ಮನೆ ನಮ್ಮ ಓಣಿಗೆ ಹೊಂದಲ್ಲ. ಶಾಲೆ, ಸಂತೆ, ಆಸ್ಪತ್ರೆ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಹೊಸ ರಸ್ತೆ ಹಾಕಬೇಕಿಲ್ಲ.

ವಿರೋಧ

ರಸ್ತೆ ಇದೆ, ಸರಿ. ನೀರು? ಬಳ್ಳಾರಿಗೆ ನೀರು ಬರೋದು ತುಂಗಭದ್ರಾ ಕಾಲುವೆಯಿಂದ. ಕಾಲುವೆ ನಿಂತಾಗ ಅಲ್ಲೀಪುರದಂಥ ಕೆರೆಗಳಲ್ಲಿ ತುಂಬಿಟ್ಟದ್ದೇ ಗತಿ. ಒಂದು ಮನೆಗೆ ಹಾಕಿದ ನಲ್ಲಿಗೆ ಆರು ಮನೆ ಜೋತುಬಿದ್ದರೆ ಬೇಸಿಗೆಯಲ್ಲಿ ಕೊಡ ಹಿಡಿದು ನಿಲ್ಲೋರು ಯಾರು? ಹೆಂಗಸರೇ ಅಲ್ವಾ? ಚರಂಡಿಯೂ ಹಳೆಯದೇ.

ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೆ ಮಾಳಿಗೆ ಮನೆಗಳ ದಪ್ಪ ಗೋಡೆ, ಮಣ್ಣಿನ ಮೇಲ್ಚಾವಣಿ ಶಾಖ ತಡೆಯುತ್ತಿದ್ದವು. ಸಣ್ಣ ಮನೆ, ತೆಳು ಗೋಡೆ, ಮೇಲೆ ಸಿಮೆಂಟ್ ಸ್ಲ್ಯಾಬ್: ಮೇಲಿನ ಮನೆಯವರು ರಾತ್ರಿಯೂ ಬೇಯಬೇಕು. ಮಾಳಿಗೆ ಮೇಲೆ ಮಲಗೋಣವೆಂದರೆ ಆರು ಕುಟುಂಬಕ್ಕೆ ಇರೋದು ಒಂದೇ ಮಾಳಿಗೆ. ಎರೆಮಣ್ಣಿನ ಜಾಗವಾದರೆ ಇನ್ನೂ ಕಷ್ಟ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಮೂರು ಅಂತಸ್ತು ನಿಲ್ಲಿಸಲು ಪಾಯ ಆಳಕ್ಕೆ ಹೋಗಬೇಕು. ಪಕ್ಕದ ಹಳೆ ಕಲ್ಲು-ಮಣ್ಣಿನ ಗೋಡೆಯನ್ನೂ ಕಾಪಾಡಬೇಕು. ಅಗ್ಗ ಅನ್ನೋದು ಅಲ್ಲೇ ಕರಗುತ್ತದೆ.

ನನ್ನ ದೊಡ್ಡ ಚಿಂತೆ ಬೇರೆ. ಒಂದು ಜಾಗದಲ್ಲಿ ಆರು ಮನೆ ಕಟ್ಟಬಹುದು ಅಂದ ತಕ್ಷಣ ಆ ಜಾಗದ ಬೆಲೆ ಏರುತ್ತದೆ. ಮಾಲೀಕ ಹಳೆ ಬಾಡಿಗೆದಾರರನ್ನು ಬಿಡಿಸಿ ಕಟ್ಟುತ್ತಾನೆ. ಹೊಸ ಬಾಡಿಗೆ ಅವರ ಕೈಗೆ ಎಟುಕಲ್ಲ. ಅದೇ ಜಾಗದಲ್ಲಿ, ಕೊಡಬಲ್ಲ ಬಾಡಿಗೆಗೆ ಅವರಿಗೊಂದು ಮನೆ ಎಂದು ಲೈಸೆನ್ಸ್ ಕೊಡುವಾಗಲೇ ಬರೆಸಿಕೊಳ್ಳದಿದ್ದರೆ, ಜೀನ್ಸ್ ಹೊಲಿಯುವವರು ಮತ್ತೆ ಊರಾಚೆಗೇ ಹೋಗುತ್ತಾರೆ.