ಕಿಟಕಿಯಲ್ಲಿ ಸಮುದ್ರ ಕಾಣಲೇಬೇಕೆ?

ಸಮುದ್ರ ತೀರದಲ್ಲಿ ಕೋಣೆ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಒಂದೇ: ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆಯೆ? ನಾನೂ ಹಾಗೆ ಕೇಳಿ, ಆ ಕಿಟಕಿಗೆಂದೇ ಹೆಚ್ಚು ಹಣ ತೆತ್ತವಳು. ಈಗ ಕೇಳುವುದನ್ನು ಬಿಟ್ಟಿದ್ದೇನೆ. ಮನೆಯವರು ಅದೇ ಮನೆಯಲ್ಲಿ ಇರುತ್ತಾರೆಯೆ, ಬೆಳಗಿನ ತಿಂಡಿಯನ್ನು ಅವರೇ ಮಾಡುತ್ತಾರೆಯೆ ಎಂದಷ್ಟೇ ವಿಚಾರಿಸುತ್ತೇನೆ.

ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಎಂದರೆ ಮಲಗಲು ಹಾಸಿಗೆ, ಬೆಳಗ್ಗೆ ತಿಂಡಿ, ಅಷ್ಟೆ. ಮಧ್ಯಾಹ್ನದ ಊಟ ನಿಮ್ಮ ಪಾಡು. ನಾನು ಉಳಿದ ಮನೆಯಲ್ಲಿ ಅತಿಥಿಗಳಿಗೆ ಇದ್ದದ್ದು ಮೂರೇ ಕೋಣೆ. ಪಕ್ಕದವರು ಕೆಮ್ಮಿದರೆ ನಮಗೆ ಗೊತ್ತಾಗುತ್ತಿತ್ತು. ತಿಂಡಿಗೆ ತಡವಾಗಿ ಬಂದರೆ ಯಾರೂ ಬೈಯುವುದಿಲ್ಲ, ಆದರೆ ಮೇಜಿನ ಮೇಲೆ ನಿಮ್ಮದೊಂದೇ ತಟ್ಟೆ ಉಳಿದಿರುತ್ತದೆ. ಅದಕ್ಕಿಂತ ಬೈಗುಳವೇ ವಾಸಿ.

ಜಾಗ ಬಹಳ ಪ್ರಶಾಂತ ಎಂದು ಮೊದಲೇ ಹೇಳಿದ್ದರು. ಸುಳ್ಳಲ್ಲ, ಎಂಟು ಗಂಟೆಯ ಮೇಲೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಮೊದಲ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೇರೆ ಯಾವ ಸದ್ದೂ ಇಲ್ಲದ ಕಡೆ ಅಲೆಯ ಸದ್ದೊಂದೇ ಕಿವಿಗೆ ಕೂರುತ್ತದೆ. ಒಂದು ಅಲೆ ಬಿದ್ದು ಇನ್ನೊಂದು ಬೀಳುವವರೆಗೆ ಉಸಿರು ಹಿಡಿದು ಕಾಯುವಂತಾಗುತ್ತದೆ. ನಡುರಾತ್ರಿ ನೀರು ಏರಿದಾಗ ಆ ಸದ್ದು ಹಾಸಿಗೆಯ ಹತ್ತಿರಕ್ಕೇ ಬಂದಂತಿತ್ತು. ಎರಡನೆಯ ರಾತ್ರಿಗೆ ಅದು ಕೇಳಿಸಲೇ ಇಲ್ಲ. ಒಂದೇ ರಾತ್ರಿಗೆಂದು ಇಂಥ ಕಡೆ ಹೋಗುವವರನ್ನು ಕಂಡರೆ ನನಗೆ ಪಾಪ ಎನಿಸುತ್ತದೆ: ಕಷ್ಟದ ರಾತ್ರಿಯನ್ನು ಕಳೆದು, ಸುಖದ ರಾತ್ರಿ ಬರುವ ಮೊದಲೇ ಚೀಲ ಕಟ್ಟುತ್ತಾರೆ.

ಇನ್ನು ಆ ದುಬಾರಿ ಕಿಟಕಿ. ಗಾಜಿನ ಮೇಲೆ ಉಪ್ಪಿನ ಪೊರೆ. ಬೆಳಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಮಬ್ಬು. ಚಿಲಕ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ, ಚೌಕಟ್ಟು ತೇವಕ್ಕೆ ಉಬ್ಬಿತ್ತು. ಹಾಗೂ ಹೀಗೂ ತೆರೆದರೆ ಮಧ್ಯಾಹ್ನದ ಹೊತ್ತಿಗೆ ದಿಂಬಿನ ಮೇಲೆಲ್ಲ ಮರಳು. ಬಿಸಿಲಿಗೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅಲ್ಲಿಯ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಹಾಸಿಗೆ ಕೊಡವುವಾಗ ಅರ್ಥವಾಯಿತು.

ನನಗೆ ಸಮುದ್ರ ಕಂಡದ್ದು ತಿಂಡಿಯ ಮೇಜಿನಲ್ಲಿ. ಅಡುಗೆಮನೆಯ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಮನೆಯೊಡತಿ ಪೆನ್ಸಿಲಿನಿಂದ ಒಂದೊಂದು ದಿನಕ್ಕೂ ಒಂದೊಂದು ಸಮಯ ಬರೆದಿದ್ದರು: 6.10, ಮರುದಿನ 7.00, ಅದರ ಮರುದಿನ 7.50. ಬಸ್ಸಿನ ವೇಳೆಯೆ ಎಂದು ಕೇಳಿದೆ. ಉಬ್ಬರದ ವೇಳೆ ಎಂದರು. ಚಂದ್ರನ ಜೊತೆ ಹೆಜ್ಜೆ ಹಾಕುವ ನೀರು ದಿನಕ್ಕೆ ಸುಮಾರು 50 ನಿಮಿಷ ತಡ ಮಾಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಆ ಮನೆಯಲ್ಲಿ ಬಟ್ಟೆ ಒಣಹಾಕುವುದು ಗಾಳಿ ನೋಡಿ, ನಡೆಯಲು ಹೊರಡುವುದು ಕ್ಯಾಲೆಂಡರ್ ನೋಡಿ.

"ಎಲ್ಲಿ ಈಜಬೇಕೆಂದಿದ್ದೀರಿ?" ಎಂದು ಅವರು ಕೇಳಿದಾಗ, ಅಲೆಗಳ ನಡುವೆ ನೀರು ಸುಮ್ಮನೆ ನಿಂತಂತಿದ್ದ ಒಂದು ಜಾಗವನ್ನು ಹೇಳಿದೆ. ಅವರು ಸೌಟು ಕೆಳಗಿಟ್ಟು ನನ್ನನ್ನು ಮುಂಬಾಗಿಲಿಗೆ ಕರೆದುಕೊಂಡು ಹೋದರು. "ಅಲೆ ಒಡೆಯದೆ ಸುಮ್ಮನಿದೆಯಲ್ಲ, ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿಯೇ ಅದು. ಕಾಲಿಟ್ಟರೆ ಎಳೆದುಕೊಂಡು ಹೋಗುತ್ತದೆ." ಎಳೆದರೆ ದಡದ ಕಡೆಗೆ ಎದುರೀಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳವಿನಿಂದ ಹೊರಬರಬೇಕು ಎಂದೂ ಹೇಳಿದರು. ಮೂರು ದಿನ ಮಬ್ಬು ಗಾಜಿನ ಹಿಂದೆ ಕೂತು ನಾನು ಮೆಚ್ಚಿಕೊಂಡಿದ್ದ ಜಾಗ ಅದು.

ಹೊರಡುವ ದಿನ ಲೆಕ್ಕ ಚುಕ್ತಾ ಮಾಡುತ್ತ, ಮುಂದಿನ ಸಲ ಬಂದರೆ ಹಿಂದುಗಡೆಯ ಕೋಣೆ ಕೊಡಿ, ಸಮುದ್ರ ಕಾಣದಿದ್ದರೂ ಪರವಾಗಿಲ್ಲ ಎಂದೆ.

ಅವರು ನಕ್ಕರು. "ಅದನ್ನು ಕೊಡಲಾಗುವುದಿಲ್ಲ. ಅಲ್ಲಿ ನಾವು ಮಲಗುತ್ತೇವೆ."