ನಾಯಿಯ ಮೂತ್ರದಲ್ಲಿ ಕ್ಯಾಂಡಿಡಾ: ಲಕ್ಷಣವಿಲ್ಲದಿದ್ದರೂ ಔಷಧ ಬೇಕೇ?

ಪರ: ಕಂಡ ಕೂಡಲೇ ಆರಂಭಿಸಬೇಕು

ನಾಯಿಗಳ ಮೂತ್ರದ ಸೋಂಕಿಗೆ ಬಹುಪಾಲು ಬ್ಯಾಕ್ಟೀರಿಯಾಗಳೇ ಕಾರಣ. ಕ್ಯಾಂಡಿಡಾದಂತಹ ಶಿಲೀಂಧ್ರ ಅಪರೂಪ. ಆದರೆ ಅದು ಸಾಮಾನ್ಯವಾಗಿ ನೆಲೆಯೂರುವುದು ಸಕ್ಕರೆ ಕಾಯಿಲೆಯೋ ಕುಶಿಂಗ್ ಕಾಯಿಲೆಯೋ (ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನು ಅತಿಯಾಗುವುದು) ಇರುವ, ದೀರ್ಘಕಾಲ ಆಂಟಿಬಯಾಟಿಕ್ ಅಥವಾ ಸ್ಟೀರಾಯ್ಡ್ ಪಡೆದ, ಇಲ್ಲವೇ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿಸಿಕೊಂಡ ನಾಯಿಯಲ್ಲಿ. ಮೊದಲೇ ಸೋತ ದೇಹದಲ್ಲಿ ಲಕ್ಷಣಗಳಿಗಾಗಿ ಕಾಯುವುದು ಯಾವ ನ್ಯಾಯ? ಮೂತ್ರ ಮಾಡುವಾಗ ಉರಿಯುತ್ತದೆಂದು ನಾಯಿ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಬಳಿ ಬರುತ್ತಿದ್ದ, ಎರಡು ಹೊತ್ತೂ ಇನ್ಸುಲಿನ್ ಪಡೆಯುತ್ತಿದ್ದ ಮುದಿ ಲ್ಯಾಬ್ರಡಾರ್ ಒಂದರ ಮೂತ್ರದಲ್ಲಿ ಕ್ಯಾಂಡಿಡಾ ಬೆಳೆದಿತ್ತು. "ಊಟ ಚೆನ್ನಾಗಿಯೇ ಮಾಡ್ತಾಳೆ ಡಾಕ್ಟ್ರೇ, ಇನ್ನೂ ಒಂದು ಮಾತ್ರೆ ಯಾಕೆ?" ಎಂದು ಮನೆಯವರು ಬೇಡವೆಂದರು. ಮತ್ತೆ ಬಂದಾಗ ಅವಳು ಕ್ಲಿನಿಕ್ಕಿನ ಅಂಗಳದಲ್ಲಿ ಮತ್ತೆ ಮತ್ತೆ ಕುಕ್ಕರಿಸಿ ತಿಣುಕುತ್ತಿದ್ದಳು, ಬೀಳುತ್ತಿದ್ದುದು ಕೆಂಪು ಹನಿ ಮಾತ್ರ. ಸ್ಕ್ಯಾನಿಂಗ್ ಮಾಡಿದರೆ ಮೂತ್ರಕೋಶದೊಳಗೆ ಶಿಲೀಂಧ್ರದ ಉಂಡೆ. ಮಗ್ಗುಲು ಬದಲಿಸಿದಾಗ ಅದೂ ಹೊರಳುತ್ತಿತ್ತು. ಬಳಿಕ ಅರಿವಳಿಕೆ ಕೊಟ್ಟು ಮೂತ್ರಕೋಶಕ್ಕೇ ಶಿಲೀಂಧ್ರನಾಶಕ ಕ್ಲೋಟ್ರಿಮಜೋಲ್ ದ್ರಾವಣ ತುಂಬಬೇಕಾಯಿತು.

ಶಿಲೀಂಧ್ರನಾಶಕ ಮಾತ್ರೆ ಫ್ಲುಕೊನಜೋಲ್ ಬಹುಪಾಲು ಮಾರ್ಪಾಡಾಗದೆ ಮೂತ್ರದಲ್ಲೇ ಹೊರಬೀಳುವುದರಿಂದ, ಬೇಕಾದ ಜಾಗಕ್ಕೇ ತಲುಪುತ್ತದೆ. ಅದೇ ಗುಂಪಿನ ಇಟ್ರಾಕೊನಜೋಲ್‌ಗೆ ಆ ಗುಣವಿಲ್ಲ. ದೇಹತೂಕದ ಪ್ರತಿ ಕೆಜಿಗೆ 5ರಿಂದ 10 ಮಿ.ಗ್ರಾಂ.ನಂತೆ ದಿನಕ್ಕೆರಡು ಬಾರಿ ಕೊಡುವ ಫ್ಲುಕೊನಜೋಲ್ ಮಾತ್ರೆಗೆ ಹಿಂಜರಿದು, ಕೊನೆಗೆ ಅರಿವಳಿಕೆಯ ಮೇಜಿಗೆ ಬರುವುದೇಕೆ? ಮಾದರಿಯೇ ಕಲುಷಿತವಾಗಿತ್ತು ಎನ್ನುವವರು ಪ್ರಯೋಗಾಲಯವನ್ನೇ ಮುಚ್ಚಿಸಲಿ!

ವಿರೋಧ: ಮೊದಲು ಮರುಪರೀಕ್ಷೆ

ಈ ಪಕ್ಷ ವಹಿಸಲು ನನ್ನನ್ನು ಕೇಳಲಾಗಿದೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯ ನಾಯಿಯಾದರೆ ನಾನೂ ಬಹುಶಃ ಮಾತ್ರೆ ಬರೆದೇನು. ಆದರೂ ಅಂಗಳದಲ್ಲಿ ಬಟ್ಟಲು ಹಿಡಿದು ತಂದ ಮೂತ್ರದಲ್ಲಿ ಚರ್ಮದ ಮೇಲಿನ ಯೀಸ್ಟೂ (ಕ್ಯಾಂಡಿಡಾದಂತಹ ಶಿಲೀಂಧ್ರವೂ) ಸೇರಿರಬಹುದು. ಹೊಟ್ಟೆಯ ಮೂಲಕ ಸೂಜಿಯಿಂದ ಮೂತ್ರಕೋಶದಿಂದಲೇ ತೆಗೆದ ಇನ್ನೊಂದು ಮಾದರಿಯಲ್ಲೂ ಅದು ಬೆಳೆಯುವುದೇ ಎಂದು ನೋಡಬೇಕು. ಪರವಾದಿಗಳ ಉತ್ಸಾಹ ನೋಡಿದರೆ ಪ್ರತಿ ನಾಯಿಯ ಅನ್ನದ ತಟ್ಟೆಗೂ ಫ್ಲುಕೊನಜೋಲ್ ಬೆರೆಸಿಯಾರು.

ಕ್ಯಾತಿಟರ್ ತೆಗೆದು, ಅನಗತ್ಯ ಆಂಟಿಬಯಾಟಿಕ್ ನಿಲ್ಲಿಸಿದರೆ ಕೆಲವೊಮ್ಮೆ ಶಿಲೀಂಧ್ರ ತಾನಾಗಿ ಮಾಯವಾಗುತ್ತದೆ. ಮನುಷ್ಯರ ವಿಷಯದಲ್ಲೂ, ಅಮೆರಿಕದ ಸೋಂಕುರೋಗ ತಜ್ಞರ ಸಂಘ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೆಚ್ಚಿನ ಅಪಾಯದ ಕೆಲವರನ್ನು ಹೊರತುಪಡಿಸಿ ಲಕ್ಷಣರಹಿತರಿಗೆ ಔಷಧ ಬೇಡವೆನ್ನುತ್ತದೆ. ಕ್ಯಾಂಡಿಡಾ ಗ್ಲಾಬ್ರಾಟಾ ಬಗೆಯಾದರೆ ಫ್ಲುಕೊನಜೋಲ್‌ಗೆ ಹಲವು ಬಾರಿ ಬಗ್ಗುವುದೂ ಇಲ್ಲ. ಯಾವ ಬಗೆಯೆಂದು ತಿಳಿಯದೆ ವಾರಗಟ್ಟಲೆ ಮಾತ್ರೆ ನುಂಗಿಸಿದರೆ ಯಕೃತ್ತಿನ ಕಿಣ್ವಗಳು ಏರುವ ಸಾಧ್ಯತೆಯೊಂದೇ ಉಳಿಯುತ್ತದೆ.