ಹನ್ನೊಂದು ಡಿ ಗಾರ್ಡು

ಬೆರಳು ನನ್ನದೇ, ಫೋನೂ ನನ್ನದೇ. ಆದರೆ ಎರಡರ ನಡುವೆ ಮೊನ್ನೆಯಿಂದ ಒಂದು ಗಾಜು ಕೂತಿದೆ. ಕಾಸರಗೋಡಿನ ಬದಿಯಡ್ಕ ಪೇಟೆಯ ಮೊಬೈಲ್ ಅಂಗಡಿಯ ಹುಡುಗ "ಹನ್ನೊಂದು ಡಿ ಗಾರ್ಡು, ಸುತ್ತಿಗೆಯಲ್ಲಿ ಹೊಡೆದರೂ ಏನೂ ಆಗ್ಲಿಕ್ಕಿಲ್ಲ" ಎಂದು ಅಂಟಿಸಿದ್ದು. ನಮ್ಮ ಜಗತ್ತಿಗೇ ಮೂರು ಡಿ ಸಾಕಾಗಿದೆ, ಉಳಿದ ಎಂಟು ಎಲ್ಲಿಂದ ಬಂತೆಂದು ಕೇಳುವ ಮೊದಲೇ ಗುಳ್ಳೆ ಒರೆಸಿ ಕೈಗಿತ್ತ. ಪರದೆಯ ಅಡಿಯಿಂದಲೇ ಬೆರಳಚ್ಚು ಓದುವ ಫೋನಿಗೆ ದಪ್ಪ ಗಾಜು ಅಂಟಿಸಿದರೆ ಅದಕ್ಕೆ ಯಜಮಾನನ ಗುರುತೇ ಸಿಗುವುದಿಲ್ಲ. ಇದನ್ನು ಅವನು ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಹೋಟೆಲಿನ ಕೌಂಟರಿನಲ್ಲಿ ಹೆಬ್ಬೆರಳು ಒತ್ತಿದೆ. ಪಂಚೆಗೆ ಒರೆಸಿ ಒತ್ತಿದೆ. ಬಾಯಿಯ ಹಬೆ ಹಾಕಿ ಒತ್ತಿದೆ. ಪಾಸ್‌ವರ್ಡ್ ಹಾಕಿ ತೆರೆಯುವಷ್ಟರಲ್ಲಿ ರೇಂಜ್ ಹೋಯಿತು. ಹಿಂದೆ ನಿಂತವರ ಕೊಡೆಯ ನೀರು ನನ್ನ ಕಾಲ ಮೇಲೆ. "ಪಿನ್ನೆ ತನ್ನಾ ಮದಿ" ಎಂದರು ಹೋಟೆಲಿನವರು, ಆಮೇಲೆ ಕೊಟ್ಟರೆ ಸಾಕೆಂದು ಮಲಯಾಳದಲ್ಲಿ. ಎರಡು ಇಡ್ಲಿಗೆ ಸಾಲಗಾರನಾದೆ.

ಇಷ್ಟಕ್ಕೂ ಆ ಮೊಬೈಲ್ ಅಂಗಡಿಗೆ ನನ್ನನ್ನು ಎಳೆದುಕೊಂಡು ಹೋದವರು ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ. ಅವರ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವುದಿಲ್ಲ. ಟಿವಿ ರಿಮೋಟು ಪ್ಲಾಸ್ಟಿಕ್ ತೊಟ್ಟೆಯೊಳಗೆ. ಚಾನೆಲ್ ಬದಲಿಸಲು ಅವರ ಉಗುರೇ ಆಗಬೇಕು. ಸ್ಕೂಟರಿನ ಸೀಟಿಗೆ ಶೋರೂಮಿನ ಪ್ಲಾಸ್ಟಿಕ್ಕು ಇನ್ನೂ ಇದೆ. ಅದು ಹರಿದ ಕಡೆ ಮಳೆನೀರು ನಿಂತು, ಹಿಂದೆ ಕೂತವರಿಗೆ ಇಳಿದ ಮೇಲೆ ಗೊತ್ತಾಗುತ್ತದೆ.

"ಮರಕ್ಕೇ ಗಾರ್ಡ್ ಬೇಕು, ಫೋನಿಂಗೆ ಬೇಡದೊ?" ಎನ್ನುವುದು ಅವರ ವಾದ. ರಬ್ಬರ್ ಮರದ ವಿಷಯದಲ್ಲಿ ಮಾತ್ರ ಅವರದ್ದು ಸರಿ ಎಂದು ಒಪ್ಪಲೇಬೇಕು. ನಮ್ಮ ಮಳೆಗೆ ರೈನ್ ಗಾರ್ಡ್ ಕಟ್ಟದಿದ್ದರೆ ಟ್ಯಾಪಿಂಗ್, ಅಂದರೆ ತೊಗಟೆ ಗೀರಿ ರಬ್ಬರ್ ಹಾಲು ತೆಗೆಯುವ ಕೆಲಸ, ಇಲ್ಲ. ಗೀರಿದ ಜಾಗ ಒದ್ದೆಯಾದರೆ ಹಾಲೆಲ್ಲ ನೀರಿನ ಜೊತೆ ಕೊಚ್ಚಿಹೋಗುತ್ತದೆ. ಮರದ ಸುತ್ತ ಪ್ಲಾಸ್ಟಿಕ್ಕಿನ ಲಂಗ, ಮೇಲಿನಂಚಿಗೆ ಡಾಮರಿನಂಥ ಕರಿ ಅಂಟು. ಕೆಲಸದವರನ್ನು ನಂಬದೆ ಅಪ್ಪಚ್ಚಿ ತಾವೇ ಅಂಟು ಬಳಿಯುತ್ತಾರೆ. ಬಳಿದ ವಾರವೇ ರೇಷನ್ ಅಂಗಡಿಗೂ ಹೋಗುತ್ತಾರೆ.

ಅಲ್ಲಿಯ ಬೆರಳಚ್ಚು ಯಂತ್ರಕ್ಕೆ ಹನ್ನೊಂದು ಡಿ ಬಿಡಿ, ಒಂದು ಡಿ ಗಾರ್ಡೂ ಇಲ್ಲ. ಆದರೂ ಅಪ್ಪಚ್ಚಿಯ ಹೆಬ್ಬೆರಳು ಅದಕ್ಕೆ ಹಿಡಿಸಲಿಲ್ಲ. ತೋರುಬೆರಳು, ಊಹೂಂ. ಎಡಗೈ, ಊಹೂಂ. ಸೀಮೆಎಣ್ಣೆಗಾಗಿ ಪಕ್ಕದ ಮನೆಗೆ ಆಳು ಹೋಯಿತು. ಉಜ್ಜಿ ಉಜ್ಜಿ ಚರ್ಮ ಕೆಂಪಾದರೂ ಯಂತ್ರ ಒಪ್ಪಲಿಲ್ಲ. ಸರಿ, ಒಟಿಪಿ ಬರಲಿ ಎಂದರು. ಒಟಿಪಿ ಬಂತು, ಮಡಚುವ ಕವರಿನ ಒಳಗಿನ ತೊಟ್ಟೆಯ ಒಳಗಿನ ಫೋನಿಗೆ. ಅದನ್ನು ಬಿಚ್ಚಿ, ಕನ್ನಡಕ ಹುಡುಕಿ, ಓದುವಾಗ ಅದರ ಆಯುಷ್ಯ ಮುಗಿದಿತ್ತು. ಸಾಲಿನಲ್ಲಿದ್ದವರೆಲ್ಲ ಚೀಲ ಹಾಸಿ ಕೂತರು. "ಎಂತ ಆದರೂ ಫೋನಿಂಗೆ ಎಂತ ಆಯಿದಿಲ್ಲೆನ್ನೆ!" ಎಂದರು ಅಪ್ಪಚ್ಚಿ, ಫೋನಿಗೆ ಏನೂ ಆಗಲಿಲ್ಲವೆಂಬ ಹೆಮ್ಮೆಯಿಂದ.

ನನಗೆ ಮನಸಾರೆ ಇಷ್ಟವಾದ ಗಾರ್ಡ್ ಒಬ್ಬರೇ. ಕುಂಬಳೆ ಸ್ಟೇಷನ್ನಿನಲ್ಲಿ ಕೊನೆಯ ಡಬ್ಬಿಯಿಂದ ಹಸಿರು ಬಾವುಟ ತೋರಿಸುತ್ತಿದ್ದ ರೈಲಿನವರು. ಮಕ್ಕಳು ನಾವು ಕೈಬೀಸಿದರೆ ಅವರೂ ಬೀಸುತ್ತಿದ್ದರು. 2022ರಲ್ಲಿ ರೈಲ್ವೆಯವರು ಗಾರ್ಡುಗಳನ್ನೆಲ್ಲ ಟ್ರೈನ್ ಮ್ಯಾನೇಜರ್ ಮಾಡಿದರು. ಸಂಬಳದ ಚೀಟಿಗೆ ಒಳ್ಳೆಯದೇ ಇರಬಹುದು. ಮ್ಯಾನೇಜರಿಗೆ ಕೈಬೀಸಲು ಮಾತ್ರ ನನಗೆ ಯಾಕೋ ಸಂಕೋಚ.

ಅಪ್ಪಚ್ಚಿ ಈಗ ಕ್ಯಾಮರಾಕ್ಕೂ ಗಾರ್ಡ್ ಹಾಕಿಸಿದ್ದಾರೆ. ನಿನ್ನೆ ಕಳುಹಿಸಿದ ಫೋಟೋದಲ್ಲಿ ಜಗಲಿಯ ಮೂಲೆಯಲ್ಲಿ ಏನೋ ಒಂದು ಮಂಜುಮಂಜಾಗಿ ಕೂತಿದೆ. ಚಿಕ್ಕಮ್ಮನೋ, ಅಡಿಕೆ ಗೋಣಿಯೋ ಎಂದು ಕೇಳುವ ಧೈರ್ಯ ನನಗಿಲ್ಲ.